ವದಂತಿ ಗುಮಾಸ್ತರ ಒಂದು ಮಂಗಳವಾರ

ಎಲ್ಲಕ್ಕೂ ಮೂಲ ಒಂದು ಅಳತೆಪಟ್ಟಿ. ಆ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ವದಂತಿ ಗುಮಾಸ್ತರು ತಮ್ಮ ಕೋಣೆಯ ಬಾಗಿಲು ತೆರೆದಾಗ ಇಬ್ಬರು ಬಡಗಿಗಳು ಅವರ ಮೇಜಿನ ಎರಡು ತುದಿಯಲ್ಲಿ ಬಗ್ಗಿ ನಿಂತಿದ್ದರು. ರೋಗಿಯ ನಾಡಿ ನೋಡುವ ವೈದ್ಯರ ಗಾಂಭೀರ್ಯದಲ್ಲಿ ಮೇಜನ್ನು ಅಳೆಯುತ್ತಿದ್ದರು.

"ಇದಕ್ಕೆ ಇನ್ನೊಂದು ಸೇರಿಸಿದ್ರೆ ಸರಿಹೋಗುತ್ತೆ," ಎಂದ ಹಿರಿಯ ಬಡಗಿ.

"ಉದ್ದಕ್ಕಾ, ಅಡ್ಡಕ್ಕಾ?"

"ಅಡ್ಡಕ್ಕೆ. ಆಮೇಲೆ ಎರಡೂ ಅಲ್ಲಾಡಲ್ಲ, ನೋಡ್ತಿರು."

"ಇನ್ನೊಂದು ಅಂದ್ರೆ ಏನಪ್ಪಾ ಇನ್ನೊಂದು?" ಗುಮಾಸ್ತರು ಬಾಗಿಲಲ್ಲೇ ನಿಂತು ಕೇಳಿದರು.

ಹಿರಿಯ ಬಡಗಿ ಪಟ್ಟಿಯನ್ನು ಸುತ್ತಿ ಜೇಬಿಗಿಳಿಸಿದ. "ಅದನ್ನ ಹೇಳೋ ಹಾಗಿಲ್ಲ ಸಾರ್. ನಾವೂ ಸಹಿ ಹಾಕಿದೀವಿ."

ಅವನ ಮಾತು ನಿಜ. ಆ ಕಟ್ಟಡದಲ್ಲಿ ಗುಟ್ಟು ಕಾಪಾಡುವ ಪತ್ರಕ್ಕೆ ಸಹಿ ಹಾಕದೆ ಕಸಬರಿಗೆಯನ್ನೂ ಮುಟ್ಟುವಂತಿರಲಿಲ್ಲ. ಹೊರಗೆ ತೂಗಿದ್ದ ಫಲಕ 'ತೂಕ ಮತ್ತು ಅಳತೆಗಳ ಕಚೇರಿ' ಎನ್ನುತ್ತಿತ್ತು. ಒಳಗಿದ್ದದ್ದು ದೇಶದ ಆಂತರಿಕ ಭದ್ರತೆಯ ಇಲಾಖೆ. ಫಲಕವನ್ನು ನಂಬಿ ವಾರಕ್ಕೊಬ್ಬ ವ್ಯಾಪಾರಿಯಾದರೂ ತಕ್ಕಡಿ ಹೊತ್ತು ಬರುತ್ತಿದ್ದ. ಗುಟ್ಟು ಒಡೆಯಬಾರದಲ್ಲ ಎಂದು ಅದಕ್ಕೂ ಒಂದು ಮುದ್ರೆ ಒತ್ತಿ ಕಳಿಸುತ್ತಿದ್ದರು. ಬೀದಿಯ ಆಚೆ ಬದಿಗೆ 'ಹಳೆಯ ನಕ್ಷೆಗಳ ಕಚೇರಿ' ಇತ್ತು. ಅದು ಹೊರದೇಶಗಳ ಮೇಲೆ ಕಣ್ಣಿಟ್ಟ ಬೇಹುಗಾರಿಕೆಯ ಇಲಾಖೆ. ಎರಡರ ನಡುವೆ ಹದಿನೆಂಟು ಹೆಜ್ಜೆ ಅಗಲದ ಬೀದಿ, ಮತ್ತು ಯಾರೂ ಅಳೆದು ಮುಗಿಸದಷ್ಟು ಹಳೆಯ ಮುನಿಸು.

ವದಂತಿಗಳನ್ನು ದಾಖಲಿಸುವ ಮೇಜುಗಳು ಇಡೀ ದೇಶದಲ್ಲಿ ಇದ್ದದ್ದು ಎರಡೇ: ಈ ಕಟ್ಟಡದಲ್ಲಿ ಒಂದು, ಆ ಕಟ್ಟಡದಲ್ಲಿ ಇನ್ನೊಂದು. ಬಡಗಿಗಳು ಹೋದ ಮೇಲೆ ಗುಮಾಸ್ತರು ಮೇಜಿನ ಮುಂದೆ ಕುಳಿತು ಲೆಕ್ಕ ಹಾಕಿದರು. 'ಇದಕ್ಕೆ ಇನ್ನೊಂದು ಸೇರಿಸಿದ್ರೆ.' ಸೇರಿಸುವುದಾದರೆ ಎದುರಿನ ಮೇಜನ್ನೇ ಸೇರಿಸಬೇಕು. ಮೇಜು ಸೇರಿತೆಂದರೆ ಕೋಣೆ ಸೇರಿತು, ಕೋಣೆ ಸೇರಿತೆಂದರೆ ಇಲಾಖೆಗಳೇ ಸೇರಿದವು. ಎರಡು ಇಲಾಖೆ ಒಂದಾದ ಮೇಲೆ ಇಬ್ಬರು ವದಂತಿ ಗುಮಾಸ್ತರು ಯಾಕೆ? ಅವರಿಗೆ ಐವತ್ತೊಂದು ವಯಸ್ಸು. ಹತ್ತೊಂಬತ್ತು ವರ್ಷದಿಂದ ಗಾಳಿಯನ್ನು ಕಾಗದಕ್ಕಿಳಿಸುವುದೊಂದನ್ನು ಬಿಟ್ಟು ಬೇರೇನನ್ನೂ ಮಾಡಿದವರಲ್ಲ. ಆ ವಿದ್ಯೆ ಬಲ್ಲವನಿಗೆ ಇನ್ಯಾವ ಬಾಗಿಲಲ್ಲಿ ಕುರ್ಚಿ ಸಿಕ್ಕೀತು? ಕಿಟಕಿಯಾಚೆ ಮೋಡವೊಂದು ನಿಧಾನವಾಗಿ ಸಾಗುತ್ತಿತ್ತು. ಅದಕ್ಕೂ ವರ್ಗಾವಣೆಯಾಗಿರಬೇಕು ಎಂದುಕೊಂಡರು.

ಹತ್ತೂವರೆಗೆ ಎಂದಿನಂತೆ ಕ್ಷೌರದಂಗಡಿಗೆ ಹೋದರು.

ಬೀದಿಯ ತಿರುವಿನಲ್ಲಿದ್ದ ಆ ಅಂಗಡಿಗೆ ಮಂಗಳವಾರ ಹೋಗುವುದು ಅವರ ಕರ್ತವ್ಯದ ಭಾಗವಾಗಿತ್ತು. ಕ್ಷೌರಿಕ ಅವರ ಇಲಾಖೆಯ ಅತ್ಯಂತ ವಿಶ್ವಾಸದ ಸುದ್ದಿಮೂಲ. ಎದುರಿನ ಇಲಾಖೆಗೂ ಅವನೇ ಅತ್ಯಂತ ವಿಶ್ವಾಸದ ಸುದ್ದಿಮೂಲ. ಸುದ್ದಿ ಕೇಳಲು ಹೋದವರು ಸುಮ್ಮನೆ ಕೂರುವಂತಿಲ್ಲವಾದ್ದರಿಂದ ಪ್ರತಿವಾರ ಕೂದಲು ಕತ್ತರಿಸಿಕೊಳ್ಳಬೇಕು. ವಾರಕ್ಕೊಮ್ಮೆ ಕತ್ತರಿಸಲು ತಲೆಯ ಮೇಲೆ ಏನಿರುತ್ತದೆ? ಕ್ಷೌರಿಕ ಮರ್ಯಾದೆಗಾಗಿ ಗಾಳಿಯಲ್ಲೇ ಕತ್ತರಿ ಆಡಿಸುತ್ತಿದ್ದ. ಎರಡು ಇಲಾಖೆಗಳ ವದಂತಿ ಗುಮಾಸ್ತರನ್ನು ಬೀದಿಯ ಜನ ದೂರದಿಂದಲೇ ಗುರುತಿಸುತ್ತಿದ್ದದ್ದು ಅವರ ನುಣುಪಾದ ತಲೆಗಳಿಂದ.

ಅಂಗಡಿಯಲ್ಲಿ ಅವರು ಪಾಲಿಸುತ್ತಿದ್ದ ನಿಯಮ ಒಂದೇ. ಕೇಳಿಸಿಕೊಳ್ಳಬೇಕು, ಕೇಳಬಾರದು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ಮಂಗಳವಾರ ಅವರು ಕೇಳಿಬಿಟ್ಟರು.

"ನಮ್ಮದೂ ಎದುರಿನದೂ ಒಂದಾಗುತ್ತಂತೆ. ನಿನ್ನ ಕಿವಿಗೇನಾದ್ರೂ ಬಿತ್ತಾ?"

ಗಾಳಿಯಲ್ಲಿ ಆಡುತ್ತಿದ್ದ ಕತ್ತರಿ ನಿಂತಿತು. "ಇಲ್ವಲ್ಲ ಸಾರ್. ಯಾರು ಹೇಳಿದ್ದು?"

"ಯಾರೂ ಇಲ್ಲ. ಸುಮ್ಮನೆ ಕೇಳ್ದೆ."

"ನೀವು ಸುಮ್ಮನೆ ಕೇಳೋರಲ್ಲ ಸಾರ್," ಎಂದ ಕ್ಷೌರಿಕ. ಕತ್ತರಿ ಮತ್ತೆ ಆಡತೊಡಗಿತು. ಆದರೆ ಈ ಸಲ ಅದು ಯೋಚನೆ ಮಾಡುತ್ತಿತ್ತು.

ಗುಮಾಸ್ತರು ಕೋಣೆಗೆ ಮರಳಿ ಅರ್ಧ ಗಂಟೆಯಾಗಿರಲಿಲ್ಲ, ಬಡಗಿಗಳು ಮತ್ತೆ ಬಂದರು. ಒಬ್ಬನ ಕಂಕುಳಲ್ಲಿ ಮೊಳದುದ್ದದ ಒಂದು ಮರದ ಪಟ್ಟಿ. ಇಬ್ಬರೂ ಮೇಜಿನ ಕೆಳಗೆ ತೂರಿ, ನಾಲ್ಕು ಮೊಳೆ ಹೊಡೆದು, ಅಡ್ಡಪಟ್ಟಿಯನ್ನು ಎರಡು ಮುಂಗಾಲುಗಳಿಗೆ ಬಿಗಿದು ಹೊರಬಂದರು.

"ಇಲ್ಲೊಂದು ಸಹಿ ಹಾಕಿ ಸಾರ್."

"ಇದೇನು?"

"ನಿಮ್ಮದೇ ಅರ್ಜಿ. ಮೇಜಿನ ಕಾಲು ಅಲ್ಲಾಡುತ್ತೆ ಅಂತ ಕೊಟ್ಟಿದ್ರಲ್ಲ, ನಾಲ್ಕು ವರ್ಷದ ಹಿಂದೆ. ಒಂದು ಪಟ್ಟಿ ಆಗಲೇ ಇತ್ತು, ಇನ್ನೊಂದು ಸೇರಿಸಿದ್ವಿ. ಈಗ ಎರಡು ಕಾಲೂ ಅಲ್ಲಾಡಲ್ಲ."

ಗುಮಾಸ್ತರು ಮೇಜನ್ನು ಅಲ್ಲಾಡಿಸಿ ನೋಡಿದರು. ಅದು ಬೆಟ್ಟದಂತೆ ನಿಂತಿತ್ತು. ಒಂದು ಕ್ಷಣ ಎದೆಯೊಳಗೆ ಹಕ್ಕಿಯೊಂದು ರೆಕ್ಕೆ ಬಿಚ್ಚಿತು: ಇಲಾಖೆ ಸೇರುವುದಿಲ್ಲ, ಕುರ್ಚಿ ಹೋಗುವುದಿಲ್ಲ. ಮರುಕ್ಷಣ ಆ ಹಕ್ಕಿ ಕ್ಷೌರದಂಗಡಿಯ ದಿಕ್ಕಿಗೆ ನೋಡಿ ಗೂಡಿನಲ್ಲೇ ಮೂರ್ಛೆ ಹೋಯಿತು.

ಬಾಗಿಲು ತೆರೆದು ಟೈಪಿಸ್ಟ್ ಅಕ್ಕ ಒಳಗೆ ಬಂದರು. ಆ ಕಚೇರಿಯಲ್ಲಿ ಅವರಿಗಿಂತ ಹಿರಿಯರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಅವರ ಎದುರು ನಿಂತರೆ ಎಲ್ಲರ ವಯಸ್ಸೂ ತಾನಾಗಿ ಕಡಿಮೆಯಾಗುತ್ತಿತ್ತು. ಕೈಯಲ್ಲೊಂದು ಹಳದಿ ಚೀಟಿ.

"ಬರ್ಕೊಳ್ಳಿ. ಎರಡು ಇಲಾಖೆ ಒಂದಾಗುತ್ತಂತೆ. ನಮ್ಮ ಗೇಟಿನ ಕಾವಲುಗಾರ ಗಡ್ಡ ತೆಗೆಸೋಕೆ ಹೋಗಿದ್ದಾಗ ಕೇಳಿದ್ದು."

ಇಲ್ಲಿ ಆ ರಿಜಿಸ್ಟರಿನ ಪದ್ಧತಿಯನ್ನು ಹೇಳಬೇಕು. ಕಿವಿಗೆ ಬಿದ್ದದ್ದನ್ನು ಚೀಟಿಯಲ್ಲಿ ಬರೆದು ಕೊಡುವುದು ಪ್ರತಿ ನೌಕರನ ಕರ್ತವ್ಯ. ಬಂದ ಚೀಟಿಯನ್ನು ದಾಖಲಿಸುವುದು ಗುಮಾಸ್ತರ ಕರ್ತವ್ಯ. ಮೊದಲ ಚೀಟಿಗೆ ಸುದ್ದಿ 'ಪಿಸುಮಾತು'. ಎರಡನೆಯದಕ್ಕೆ 'ವದಂತಿ'. ಮೂರನೆಯದಕ್ಕೆ 'ಬಲವಾದ ವದಂತಿ'. ನಾಲ್ಕನೆಯದು ಬಿತ್ತೆಂದರೆ 'ಖಚಿತ'. ಖಚಿತವಾದದ್ದು ಸಂಜೆ ಐದಕ್ಕೆ ಅರಗಿನ ಮೊಹರು ಹೊತ್ತು ಮಂತ್ರಿಗಳ ಮೇಜಿಗೆ ಹೋಗುತ್ತದೆ. ಬರೆದದ್ದನ್ನು ಅಳಿಸುವಂತಿಲ್ಲ, ಹಾಳೆ ಹರಿದವರಿಗೆ ಸೆರೆಮನೆ. ಸ್ವಂತ ಇಲಾಖೆಯ ಮಾತನ್ನು ಹೊರಗೆ ಆಡಿದವರಿಗೂ ಅದೇ ಸೆರೆಮನೆ, ಆದರೆ ಹೆಚ್ಚು ವರ್ಷ.

ಗುಮಾಸ್ತರು ಚೀಟಿಯನ್ನು ಅವರತ್ತಲೇ ಹಿಂದಕ್ಕೆ ಸರಿಸಿದರು. "ಅಕ್ಕ, ಇದು ಸುಳ್ಳು."

"ನಿಮಗೆ ಹೇಗೆ ಗೊತ್ತು?"

"ಗೊತ್ತು ಅಷ್ಟೆ. ಹಾಗೇನೂ ಇಲ್ಲ. ಆಣೆ ಮಾಡಿ ಹೇಳ್ತೀನಿ."

ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವರನ್ನು ನೋಡಿದರು. ಆಮೇಲೆ ಅವರದೇ ಮೇಜಿನ ಮೇಲಿದ್ದ ಇನ್ನೊಂದು ಹಳದಿ ಚೀಟಿ ಎಳೆದುಕೊಂಡು ಬರೆಯತೊಡಗಿದರು.

"ಏನು ಬರೀತಿದೀರಿ?"

"ಒಂಬತ್ತನೇ ನಿಯಮ. ಮರ್ತ್ರಾ?"

ಮರೆಯುವುದೆಲ್ಲಿ ಬಂತು, ಒಂಬತ್ತನೆಯ ನಿಯಮ ಬರೆದವರೇ ಅವರು. ನೌಕರಿಗೆ ಸೇರಿದ ಹೊಸತರಲ್ಲಿ, ಜಗತ್ತಿನ ಮೇಲೆ ಅನುಮಾನ ಪಡುವುದೇ ಜಾಣತನವೆಂದು ತೋರುತ್ತಿದ್ದ ದಿನಗಳಲ್ಲಿ, ರಾತ್ರಿ ನಿದ್ದೆಗೆಟ್ಟು ಯೋಚಿಸಿ ಬರೆದದ್ದು: 'ಸುದ್ದಿಯೊಂದನ್ನು ಸಿಬ್ಬಂದಿಯಲ್ಲಿ ಯಾರಾದರೂ ಅಲ್ಲಗಳೆದರೆ ಅದನ್ನೂ ಒಂದು ಮೂಲವೆಂದು ಎಣಿಸತಕ್ಕದ್ದು, ಇಲ್ಲದ್ದನ್ನು ಯಾರೂ ಇಲ್ಲವೆನ್ನುವುದಿಲ್ಲ.' ಆ ವಾಕ್ಯಕ್ಕೆ ಅವರಿಗೆ ಪ್ರಶಂಸಾಪತ್ರವೂ ಬಂದಿತ್ತು. ಅದು ಗಾಜಿನ ಕಟ್ಟಿನೊಳಗೆ ಗೋಡೆಯ ಮೇಲೆ ನಗುತ್ತಿತ್ತು.

'ಪಿಸುಮಾತು' ಎಂದು ಬರೆದ ಶಾಯಿ ಒಣಗುವ ಮೊದಲೇ ಕೆಳಗೆ 'ವದಂತಿ' ಎಂದು ಬರೆಯಬೇಕಾಯಿತು.

"ಆಣೆ ಬೇರೆ ಮಾಡಿದ್ರಿ," ಅಕ್ಕ ಹೋಗುತ್ತಾ ಹೇಳಿದರು. "ನಾನು ನಿಮ್ಮನ್ನ ಸಾಧು ಮನುಷ್ಯ ಅನ್ಕೊಂಡಿದ್ದೆ. ಇಷ್ಟು ದೊಡ್ಡ ವಿಷಯ ಹೊಟ್ಟೇಲಿ ಇಟ್ಕೊಂಡು ಬೆಳಿಗ್ಗೆ ನನ್ನ ಹತ್ರ ಗುಂಡುಪಿನ್ನು ಕೇಳಿದ್ರಲ್ಲ."

ಗುಮಾಸ್ತರು ಓಡಿದರು. ಮೆಟ್ಟಿಲಿಳಿದು, ಗೇಟು ದಾಟಿ, ಬೀದಿಯ ತಿರುವಿನವರೆಗೆ ಓಡಿದರು. ಆ ಕಟ್ಟಡದಿಂದ ಯಾರೂ ಯಾವತ್ತೂ ಓಡಿದ್ದಿಲ್ಲ. ಗೇಟಿನ ಕಾವಲುಗಾರ ಎದ್ದು ನಿಂತು, ಗಡಿಯಾರ ನೋಡಿ, ಜೇಬಿನಿಂದ ಪೆನ್ನು ತೆಗೆದ.

ಕ್ಷೌರದಂಗಡಿಯಲ್ಲಿ ಅಷ್ಟು ಹೊತ್ತಿಗೆ ಎದುರಿನ ಇಲಾಖೆಯ ವದಂತಿ ಗುಮಾಸ್ತ ಬಂದು ಹೋಗಿದ್ದ. ಕುರ್ಚಿಯ ಸುತ್ತ ಕೂದಲಿರಲಿಲ್ಲ. ಆದರೆ ಆಸನ ಇನ್ನೂ ಬೆಚ್ಚಗಿತ್ತು.

"ಅವನಿಗೆ ಹೇಳಿದ್ಯಾ?"

"ಹೇಳದೆ ಇರೋಕಾಗುತ್ತಾ ಸಾರ್? ಇಬ್ಬರಿಗೂ ನಾನು ಒಂದೇ ಥರ. ನಿಮಗೊಂದು ಅವರಿಗೊಂದು ಮಾಡಿದ್ರೆ ನನ್ನ ಅಂಗಡಿ ಮರ್ಯಾದೆ ಏನಾಗ್ಬೇಕು?"

"ನಾನು ಹೇಳಿದ್ದು ಅಂದ್ಯಾ?"

ಕ್ಷೌರಿಕನ ಮುಖದಲ್ಲಿ ನೋವು ಕಾಣಿಸಿತು. "ಈ ಕುರ್ಚಿ ಮೇಲೆ ಕೂತೋರ ಹೆಸರು ಇವತ್ತಿನವರೆಗೂ ನನ್ನ ಬಾಯಲ್ಲಿ ಬಂದಿಲ್ಲ. ಮುಂದೂ ಬರಲ್ಲ."

"ಒಳ್ಳೇದು. ಈಗ ಹೋಗಿ ಅದು ಸುಳ್ಳಂತೆ ಅಂತ ಹೇಳಿಬಿಡು."

"ಯಾರು ಹೇಳಿದ್ರು ಅಂತ ಹೇಳ್ಲಿ?"

"ಯಾರೂ ಇಲ್ಲ."

"ನಿಜ ಅನ್ನೋಕೆ ಯಾರೂ ಬೇಡ ಸಾರ್. ಸುಳ್ಳು ಅನ್ನೋಕೆ ಯಾರಾದ್ರೂ ಬೇಕು." ಕ್ಷೌರಿಕ ಬಾಚಣಿಗೆಯನ್ನು ಒರೆಸಿಟ್ಟು ದನಿ ತಗ್ಗಿಸಿದ. "ಒಂದು ಮಾತು ಹೇಳ್ಲಾ? ಬೆಳಿಗ್ಗೆ ನೀವು ಕೇಳಿದಾಗ ನಾನು ಅರ್ಧ ನಂಬಿದ್ದೆ. ಈಗ ಹೀಗೆ ಬೆವರು ಸುರಿಸ್ಕೊಂಡು ಓಡಿ ಬಂದ್ರಲ್ಲ, ಪೂರ್ತಿ ನಂಬಿದೀನಿ."

ಗುಮಾಸ್ತರು ಕೋಣೆಗೆ ಮರಳುವಷ್ಟರಲ್ಲಿ ಮೂರನೆಯ ಚೀಟಿ ಮೇಜಿನ ಮೇಲೆ ಕಾಯುತ್ತಿತ್ತು. ಕಾವಲುಗಾರನ ಅಕ್ಷರ ಇರುವೆಗಳ ಮೆರವಣಿಗೆಯಂತಿತ್ತು: 'ಮೇಲ್ಕಂಡ ಸುದ್ದಿಯನ್ನು ಮುಚ್ಚಿಹಾಕಲು ನಮ್ಮ ಇಲಾಖೆಯವರೊಬ್ಬರು ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಓಡಿ ಹೋದರು. ಓಟ ವೇಗವಾಗಿತ್ತು.' ಗುಮಾಸ್ತರು ತಮ್ಮ ಓಟವನ್ನು ತಾವೇ ದಾಖಲಿಸಿ 'ಬಲವಾದ ವದಂತಿ' ಎಂದು ಬರೆದರು. ಕೈಬರಹ ಎಂದಿಗಿಂತ ಸುಂದರವಾಗಿ ಬಂತು. ಮುಳುಗುವವನ ಕೊನೆಯ ಉಸಿರಿನ ಗುಳ್ಳೆಗಳೂ ದುಂಡಗೇ ಇರುತ್ತವೆ.

ಎರಡು ಗಂಟೆಗೆ ಮನೆಯಿಂದ ಫೋನು ಬಂತು.

"ಏನ್ರೀ ಇದು, ನಿಮ್ಮ ಕಚೇರಿ ಮುಚ್ಚುತ್ತಂತೆ?" ಹೆಂಡತಿಯ ದನಿಯಲ್ಲಿ ಆತಂಕಕ್ಕಿಂತ ದೂರು ಹೆಚ್ಚಿತ್ತು. "ಪಕ್ಕದ ಮನೆಯವರು ಹೇಳಿ ನನಗೆ ಗೊತ್ತಾಗಬೇಕಾ? ತೂಕದವರನ್ನೂ ನಕ್ಷೆಯವರನ್ನೂ ಸೇರಿಸ್ತಾರಂತೆ. ನಕ್ಷೆಗಳನ್ನ ತೂಗಿ ಏನ್ರೀ ಮಾಡ್ತೀರಿ?"

ಮದುವೆಯಾದಂದಿನಿಂದ ಆಕೆ ಗಂಡ ತೂಕದ ಕಲ್ಲುಗಳಿಗೆ ಮುದ್ರೆ ಒತ್ತುವವನೆಂದೇ ನಂಬಿದ್ದಳು. ತರಕಾರಿಯವನ ಜೊತೆ ಜಗಳವಾದಾಗಲೆಲ್ಲ ಗಂಡನ ಹುದ್ದೆಯನ್ನು ಎತ್ತಿ ಆಡುತ್ತಿದ್ದಳು.

"ಹಾಗೇನೂ ಇಲ್ಲ ಕಣೇ. ನೀನು ಫೋನಿಡು."

"ಏನೂ ಇಲ್ಲ ಅಂದ್ರೆ ನಿಮ್ಮ ದನಿ ಯಾಕೆ ನಡುಗ್ತಿದೆ? ನನ್ನ ತಮ್ಮನ ಹತ್ರ ಮಾತಾಡಿದೀನಿ. ಅವನ ಗೋದಾಮಿನಲ್ಲಿ ಮೂಟೆ ತೂಗೋ ಕೆಲಸ ಇದೆಯಂತೆ. ನಿಮಗೆ ಅನುಭವ ಇದೆಯಲ್ಲ, ನಾಳೆಯಿಂದ್ಲೇ ಬರಲಿ ಅಂದ."

"ನನಗೆ ಮೂಟೆ ತೂಗೋಕೆ ಬರಲ್ಲ."

"ಇಷ್ಟು ವರ್ಷ ಮತ್ತೇನು ತೂಗಿದ್ರಿ?"

ಇದಕ್ಕೆ ಉತ್ತರ ಹೇಳಲು ಕಾನೂನು ಅಡ್ಡಬಂತು. "ಕಚೇರಿ ಮುಚ್ಚಲ್ಲ. ಸೇರೋದೂ ಇಲ್ಲ. ಅದೆಲ್ಲ ಬರೀ ಸುಳ್ಳು," ಎಂದು ಗುಮಾಸ್ತರು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. ಹೇಳಿದೊಡನೆ ತಂತಿಯ ಒಳಗೆಲ್ಲೋ ಒಂದು ಸಣ್ಣ 'ಟಿಕ್' ಕೇಳಿಸಿತು. ನೌಕರರ ಫೋನುಗಳನ್ನು ಆಲಿಸುವ ವಿಭಾಗ ಎರಡನೆಯ ಮಹಡಿಯಲ್ಲಿತ್ತು. ಅವರು ತಮ್ಮ ಶ್ರದ್ಧೆಗೆ ಹೆಸರಾದವರು. ಹತ್ತು ನಿಮಿಷದೊಳಗೆ ನಾಲ್ಕನೆಯ ಚೀಟಿ, ಅಚ್ಚುಕಟ್ಟಾಗಿ ಟೈಪಾಗಿ, ಪ್ರತಿಯೊಂದಿಗೆ ಬಂತು: 'ನೌಕರರೊಬ್ಬರು ಹೆಂಡತಿಗೂ ಅಲ್ಲಗಳೆದಿದ್ದಾರೆ.'

ಖಚಿತ.

ಇನ್ನು ಉಳಿದದ್ದು ಒಂದೇ ದಾರಿ. ಗುಮಾಸ್ತರು ರಿಜಿಸ್ಟರನ್ನು ಎದೆಗವಚಿಕೊಂಡು ಮೇಲಧಿಕಾರಿಗಳ ಕೋಣೆಗೆ ಹೋದರು. ಇದ್ದದ್ದನ್ನು ಇದ್ದಂತೆ ಹೇಳಿಬಿಡುವುದೆಂದು ಮೆಟ್ಟಿಲ ಮೇಲೆ ಏಳು ಸಲ ತೀರ್ಮಾನಿಸಿದ್ದರು.

ಮೇಲಧಿಕಾರಿಗಳು ಕಿಟಕಿಯ ಪರದೆಯ ಹಿಂದೆ ನಿಂತು ದುರ್ಬೀನಿನಲ್ಲಿ ಬೀದಿಯಾಚೆ ನೋಡುತ್ತಿದ್ದರು. ಎದುರಿನ ಕಟ್ಟಡದ ಕಿಟಕಿಯಲ್ಲೂ ಒಂದು ದುರ್ಬೀನು ಮಿನುಗುತ್ತಿತ್ತು. ಪ್ರತಿ ಮಧ್ಯಾಹ್ನ ಎರಡು ಇಲಾಖೆಗಳೂ ಹೀಗೆ ಪರಸ್ಪರರ ರಿಜಿಸ್ಟರುಗಳನ್ನು ಓದಿಕೊಳ್ಳುವುದು ವಾಡಿಕೆ. ಆದರೆ ಓದಿದ್ದಕ್ಕೆ ಸರಿಯಾಗಿ ಉಲ್ಟಾ ಬರೆಯುವುದು ಅದಕ್ಕಿಂತ ಹಳೆಯ ವಾಡಿಕೆ.

"ಸಾರ್, ಈ ಸುದ್ದಿಯ ಮೂಲ ಏನಂದ್ರೆ..."

"ಮೂಲದ ಹೆಸರು ಹೇಳಬೇಡಿ. ನನಗೂ ಹೇಳಬಾರದು. ನಿಯಮ." ಮೇಲಧಿಕಾರಿಗಳು ದುರ್ಬೀನು ಇಳಿಸಲಿಲ್ಲ. "ಅವರು ಖಚಿತ ಅಂತ ಬರೀತಿದಾರೆ. ನಾವೆಲ್ಲಿದೀವಿ?"

"ನಾವೂ ಖಚಿತದಲ್ಲೇ ಇದೀವಿ ಸಾರ್. ಆದ್ರೆ ಅದು ಖಚಿತ ಅಲ್ಲ."

"ಇಷ್ಟು ದಿನ ಅವರು ಹೌದು ಅಂದ್ರೆ ನಾವು ಇಲ್ಲ ಅಂತಿದ್ವಿ, ನಿಜ. ಇವತ್ತು ಹಾಗೆ ಮಾಡೋಕಾಗಲ್ಲ. ನಮ್ಮನ್ನೇ ವಿಲೀನ ಮಾಡ್ತಿರೋದು ಅವರಿಗೆ ಗೊತ್ತಿದ್ದು ನಮಗೆ ಗೊತ್ತಿಲ್ಲ ಅಂತಾದ್ರೆ ಮಂತ್ರಿಗಳು ಏನಂತಾರೆ? ತನ್ನ ಮನೆ ಮದುವೆ ತನಗೇ ಗೊತ್ತಿಲ್ಲದವನು ಅಂತಾರೆ." ಈಗ ಅವರು ದುರ್ಬೀನನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಗುಮಾಸ್ತರಿಗೆ ಸನ್ನೆ ಮಾಡಿದರು. "ನಾನು ಓದ್ತೀನಿ, ನೀವು ಬರ್ಕೊಳ್ಳಿ. ಅವರದಕ್ಕಿಂತ ನಮ್ಮ ವಾಕ್ಯ ಒಂದು ಕೂದಲೆಳೆಯಷ್ಟೂ ಹಿಂದೆ ಬೀಳಬಾರದು. 'ಎರಡೂ ಇಲಾಖೆಗಳನ್ನು ಶೀಘ್ರವೇ...'"

ಬೀದಿಯಾಚೆಯೂ ಯಾರೋ ಯಾರಿಗೋ ಓದಿ ಹೇಳುತ್ತಿದ್ದರು. ಗುಮಾಸ್ತರ ಲೇಖನಿ ನಿಂತರೆ ಅಲ್ಲಿಯದೂ ನಿಲ್ಲುತ್ತಿತ್ತು. ಇಲ್ಲಿ ಅಲ್ಪವಿರಾಮ ಬಿದ್ದರೆ ಅಲ್ಲಿಯೂ ಬೀಳುತ್ತಿತ್ತು. ಎರಡು ಕನ್ನಡಿಗಳು ಎದುರುಬದುರಾಗಿ ನಿಂತು, ನೀನು ಮೊದಲು ನಗು ಎಂದು ಕಾಯುವ ಹಾಗೆ. ಕೊನೆಗೆ ಹೇಗೋ ಒಂದು ವಾಕ್ಯ ಮುಗಿಯಿತು.

ಐದಕ್ಕೆ ಎರಡು ಲಕೋಟೆಗಳು ಎರಡು ಬಾಗಿಲುಗಳಿಂದ ಹೊರಟವು. ಐದೂಮುಕ್ಕಾಲಿಗೆ ಮಂತ್ರಿಗಳ ಕಾರ್ಯದರ್ಶಿಯೇ ಬೀದಿಗೆ ಬಂದಿಳಿದರು.

ಸಭೆ ಎಲ್ಲಿ ಎಂಬುದೇ ಮೊದಲ ತೊಡಕಾಯಿತು. ಇವರು ಆ ಕಟ್ಟಡದ ಮೆಟ್ಟಿಲು ತುಳಿಯುವುದಿಲ್ಲ, ಅವರು ಈ ಕಟ್ಟಡದ್ದು. ಕಾರ್ಯದರ್ಶಿ ಮೇಡಂ ಬೀದಿಯ ಮಧ್ಯೆ ನಿಂತು ಅತ್ತಿತ್ತ ನೋಡಿ, ಎರಡೂ ಇಲಾಖೆಯವರು ಸಂಕೋಚವಿಲ್ಲದೆ ಹೋಗಿಬರುವ ಜಾಗ ಒಂದಾದರೂ ಇದೆಯೇ ಎಂದು ವಿಚಾರಿಸಿದರು. ಐದು ನಿಮಿಷದಲ್ಲಿ ಎಲ್ಲರೂ ಕ್ಷೌರದಂಗಡಿಯಲ್ಲಿದ್ದರು. ಮೇಡಂ ತಿರುಗುವ ಕುರ್ಚಿಯಲ್ಲಿ ಕುಳಿತರು. ಎಡಗೋಡೆಗೆ ಈ ಇಲಾಖೆಯ ಮೇಲಧಿಕಾರಿ ಮತ್ತು ಗುಮಾಸ್ತರು, ಬಲಗೋಡೆಗೆ ಆ ಇಲಾಖೆಯವರು. ಕ್ಷೌರಿಕ ಮೂಲೆಯಲ್ಲಿ ಬಿಳಿಬಟ್ಟೆ ಮಡಿಸುತ್ತ ನಿಂತ.

"ಈ ಸುದ್ದಿ ನಿಮಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ," ಎಂದರು ಮೇಡಂ. "ನಮ್ಮಲ್ಲಿ ಅಂಥ ಯೋಜನೆ ಯಾವುದೂ ಇರ್ಲಿಲ್ಲ."

ಗುಮಾಸ್ತರ ಕಣ್ಣಲ್ಲಿ ನೀರು ತುಂಬಿತು. ಗೋಡೆಗೆ ಒರಗಿಕೊಂಡರು.

"ಹಿಂದೆ ಮೂರು ಸಲ ಯೋಚನೆ ಬಂದಿತ್ತು. ಮೂರು ಸಲವೂ ಬಿಟ್ವಿ. ಯಾಕೆ ಹೇಳಿ? ನೀವಿಬ್ಬರೂ ಯಾವುದಕ್ಕೂ ಒಪ್ಪಲ್ಲ. ಊರಾಚೆ ಸೇತುವೆಗೆ ಏಳು ಕಮಾನು ಅಂತ ಇವರ ವರದಿ, ಎಂಟು ಅಂತ ಅವರದು. ಕೊನೆಗೆ ಮಂತ್ರಿಗಳೇ ಹೋಗಿ ಎಣಿಸಿ ಬಂದ್ರು. ಇಂಥವರನ್ನ ಸೇರಿಸೋದು ಹೇಗೆ?" ಮೇಡಂ ಕುರ್ಚಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿದರು. ಎರಡು ಲಕೋಟೆಗಳನ್ನು ಮಡಿಲ ಮೇಲೆ ಬಿಚ್ಚಿಟ್ಟರು. "ಇವತ್ತು ಇದು ಬಂತು. ಎರಡು ಇಲಾಖೆ, ಒಂದೇ ಸುದ್ದಿ, ಒಂದೇ ದರ್ಜೆ. ಒಂದೊಂದು ಅಕ್ಷರವೂ ಒಂದೇ. ಮಂತ್ರಿಗಳು ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಎರಡೆರಡು ಸಲ ಓದಿದ್ರು. ಆಮೇಲೆ ಕಣ್ಣೊರೆಸ್ಕೊಂಡು ಅಂದ್ರು, ಇವರು ಕೊನೆಗೂ ಜೊತೆಯಾಗಿ ಕೆಲಸ ಮಾಡೋದು ಕಲಿತ್ರು, ಇನ್ನು ತಡ ಮಾಡಬಾರದು ಅಂತ."

ಮಡಿಲಿನಿಂದ ಮೂರನೆಯ ಕಾಗದವೊಂದನ್ನು ಎತ್ತಿ ತೋರಿಸಿದರು. ಅದಕ್ಕೆ ಸಹಿ ಬಿದ್ದಾಗಿತ್ತು.

ಮೇಲಧಿಕಾರಿಗಳಿಬ್ಬರೂ ಮೊದಲ ಬಾರಿಗೆ ದುರ್ಬೀನಿಲ್ಲದೆ ಒಬ್ಬರನ್ನೊಬ್ಬರು ನೋಡಿಕೊಂಡರು. ಮೇಲಧಿಕಾರಿ ಇಬ್ಬರೂ ಇರುತ್ತಾರೆ, ಒಬ್ಬರಿಗೆ ಬೆಳಿಗ್ಗೆ ಇನ್ನೊಬ್ಬರಿಗೆ ಮಧ್ಯಾಹ್ನ ಎಂದು ಮೇಡಂ ಹೇಳಿದ ಮೇಲೆ ಇಬ್ಬರ ಮುಖಕ್ಕೂ ಬಣ್ಣ ಮರಳಿತು.

"ವದಂತಿ ಮೇಜು ಮಾತ್ರ ಒಂದೇ," ಮೇಡಂ ಮುಂದುವರಿಸಿದರು. "ಸರ್ಕಾರದ ಮನಸ್ಸಿಗೆ ಬರೋ ಮೊದಲೇ ಸರ್ಕಾರದ ಮನಸ್ಸನ್ನ ತಿಳಿದವರು ಇಲ್ಲಿ ಯಾರೋ ಇದಾರೆ. ಆ ಮೇಜು ಅವರಿಗೇ ಸೇರಬೇಕು ಅಂತ ಮಂತ್ರಿಗಳ ಅಪ್ಪಣೆ. ಮೊದಲು ಇದನ್ನ ಹೇಳಿದ್ದು ಯಾರು?"

ಗುಮಾಸ್ತರ ಬಾಯಿ ತೆರೆಯಿತು.

ನಾನೇ ಎಂದರೆ ಮೇಜು ಉಳಿಯುತ್ತದೆ. ನಾನೇ ಎಂದರೆ ಇಲಾಖೆಯ ಮಾತನ್ನು ಹೊರಗೆ ಆಡಿದವನೂ ನಾನೇ. ನಾಲಗೆಯ ತುದಿಯಲ್ಲಿ ಒಂದೇ ಒಂದು ಪದ, ಒಂದು ಬದಿಗೆ ಕುರ್ಚಿ, ಇನ್ನೊಂದು ಬದಿಗೆ ಸೆರೆಮನೆ ಹೊತ್ತು, ತಕ್ಕಡಿಯ ಮುಳ್ಳಿನಂತೆ ನಡುಗಿತು. ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು.

"ರಿಜಿಸ್ಟರು ತನ್ನಿ," ಎಂದರು ಮೇಡಂ.

ಇವರ ರಿಜಿಸ್ಟರಿನಲ್ಲಿ ಮೊದಲ ಮೂಲ: ಕ್ಷೌರದಂಗಡಿ. ಅವರ ರಿಜಿಸ್ಟರಿನಲ್ಲಿ ಮೊದಲ ಮೂಲ: ಕ್ಷೌರದಂಗಡಿ. ಮೇಡಂ ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರು. ಕ್ಷೌರಿಕ ಬಿಳಿಬಟ್ಟೆಯ ಮಡಿಕೆಯನ್ನು ಮತ್ತಷ್ಟು ಅಚ್ಚುಕಟ್ಟು ಮಾಡಿದ.

"ನಿಮಗೆ ಯಾರು ಹೇಳಿದ್ರು?"

"ಅದನ್ನ ಹೇಳೋ ಹಾಗಿಲ್ಲ ಮೇಡಂ."

ಆ ಉತ್ತರದಿಂದ ಮೇಡಂ ಮುಖ ಅರಳಿತು. ಇಂಥ ಮನುಷ್ಯನನ್ನು ಇಷ್ಟು ದಿನ ಹೊರಗಿಟ್ಟದ್ದೇ ಎರಡು ಇಲಾಖೆಗಳ ತಪ್ಪು, ವದಂತಿ ಮೇಜು ಇನ್ನು ಅವನದೇ ಎಂದರು. ಎದುರಿನ ಗುಮಾಸ್ತನ ರಿಜಿಸ್ಟರಿನಲ್ಲಿ ಅಲ್ಲಗಳೆದ ಗುರುತು ಒಂದೂ ಇರದ ಕಾರಣ ಅವನು ಹೊಸ ಅಧಿಕಾರಿಗೆ ಸಹಾಯಕ. ಇವರದರಲ್ಲಿ, ಬಂದ ಸತ್ಯಸುದ್ದಿಯನ್ನು ಒಂದೇ ದಿನ ಮೂರು ಸಲ ಹತ್ತಿಕ್ಕಲು ನೋಡಿದವರೊಬ್ಬರ ಉಲ್ಲೇಖವಿತ್ತು. ಮೇಡಂ ಆ ಸಾಲುಗಳನ್ನು ಓದಿ, ಆ ಒಬ್ಬರು ಯಾರೆಂಬುದನ್ನು ಗುಮಾಸ್ತರ ಮುಖದಲ್ಲೇ ಕಂಡುಕೊಂಡು, ಅವರನ್ನು ಕನಿಕರದಿಂದ ನೋಡಿ, "ನೀವು ಈ ಕೆಲಸಕ್ಕೆ ಹೊಂದೋರಲ್ಲ," ಎಂದು ಮೆತ್ತಗೆ ಹೇಳಿದರು.

"ಮೇಡಂ, ನನ್ನ ಅಂಗಡಿ?" ಎಂದ ಕ್ಷೌರಿಕ. "ನಾನು ಅಲ್ಲಿ ಕೂತ್ರೆ ಇಲ್ಲಿ ಸುದ್ದಿ ಕೇಳೋರು ಯಾರು?"

ಎಲ್ಲರ ದೃಷ್ಟಿಯೂ ಕೆಲಸವಿಲ್ಲದೆ ಗೋಡೆಗೊರಗಿ ನಿಂತಿದ್ದ ಒಬ್ಬನೇ ಒಬ್ಬ ಸರ್ಕಾರಿ ನೌಕರನ ಮೇಲೆ ಒಟ್ಟಿಗೆ ಬಿತ್ತು.

ಕಾರು ಹೊರಟ ಮೇಲೆ ಕ್ಷೌರಿಕ ಬೀಗದ ಕೈಯನ್ನೂ ಬಿಳಿಬಟ್ಟೆಯನ್ನೂ ಗುಮಾಸ್ತರ ಕೈಯಲ್ಲಿಟ್ಟ. ಬಿಟ್ಟುಹೋಗುವವನ ಕಣ್ಣಿನಿಂದ ಅಂಗಡಿಯನ್ನು ಒಮ್ಮೆ ನೋಡಿದ. "ದೊಡ್ಡ ಕತ್ತರಿ ಸ್ವಲ್ಪ ಬಿಗಿ ಸಾರ್, ಎಣ್ಣೆ ಬಿಟ್ಕೊಳ್ಳಿ. ಬೆನ್ನು ನೋವು ಮೊದಲ ವರ್ಷ ಅಷ್ಟೆ," ಎಂದು ಹೇಳಿ, ತನ್ನ ಮೇಜು ಯಾವ ಮಹಡಿಯಲ್ಲಿದೆ ಎಂದು ವಿಚಾರಿಸಿಕೊಂಡು ಹೊರಟ. ಮೇಜು ಗಟ್ಟಿಯಾಗಿದೆಯೇ ಎಂದೂ ಕೇಳಿದ. ಅಲ್ಲಾಡುವುದಿಲ್ಲ ಎಂದರು ಗುಮಾಸ್ತರು.

ಅವರು ಬಟ್ಟೆಯನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗುವಷ್ಟರಲ್ಲಿ ಅವರದೇ ಇಲಾಖೆಯ ಮೇಲಧಿಕಾರಿಗಳು ಕುರ್ಚಿಯಲ್ಲಿ ಕುಳಿತು ಕಾಲು ನೀಡಿದ್ದರು. ಇನ್ನೂ ಬೆಳಕಿತ್ತು; ಬೀದಿಯ ಬಿಸಿಲು ಓರೆಯಾಗಿ ಬಾಗಿ ಒಳಗೆ ಬಂದು ಗಾಜಿನ ಸೀಸೆಗಳಲ್ಲಿ ನಿಂತಿತ್ತು.

"ಬಾಗಿಲು ಮುಂದೆ ಮಾಡಿ," ಎಂದರು ಅವರು. "ಹೊಸ ಜಾಗದಲ್ಲಿ ನಿಮಗೆ ಮೊದಲ ಕೆಲಸ. ಮೇಡಂ ಕಿವಿಯಲ್ಲಿ ಹೇಳಿ ಹೋದ್ರು. ಆ ಕ್ಷೌರಿಕನಿಗೆ ಯಾರೋ ಹೇಳಿರಲೇಬೇಕು. ಇಲಾಖೆ ಒಳಗಿನವನೇ. ಅವನು ಬಾಯಿ ಬಿಡಲ್ಲ, ಈಗ ಅಧಿಕಾರಿ ಬೇರೆ, ಒತ್ತಾಯ ಮಾಡೋ ಹಾಗಿಲ್ಲ. ಹೊರಗೆ ಬಾಯಿ ಬಿಟ್ಟ ಆ ಮನುಷ್ಯ ಯಾರು ಅಂತ ನೀವೇ ಪತ್ತೆ ಹಚ್ಚಬೇಕು. ಇವತ್ತು ಬೆಳಿಗ್ಗೆ ಇದೇ ಕುರ್ಚಿ ಮೇಲೆ ಕೂತಿದ್ನಂತೆ. ನಾಳೆ ಐದು ಗಂಟೆಯೊಳಗೆ ನನಗೆ ಅವನ ಹೆಸರು ಬೇಕು. ಆಗುತ್ತಲ್ಲ?"

ಗುಮಾಸ್ತರು ಕತ್ತರಿ ಎತ್ತಿ ತಲೆಯೆತ್ತಿದರು. ಎದುರಿನ ಕನ್ನಡಿಯಲ್ಲಿ, ಮೇಲಧಿಕಾರಿಗಳ ಹಿಂದೆ, ಸೊಂಟಕ್ಕೆ ಬಿಳಿಬಟ್ಟೆ ಸುತ್ತಿಕೊಂಡು ನುಣುಪು ತಲೆಯ ಆ ಮನುಷ್ಯ ನಿಂತಿದ್ದ. ಅವರನ್ನೇ ನೋಡುತ್ತಿದ್ದ.

"ಆಗುತ್ತೆ ಸಾರ್," ಎಂದರು ಗುಮಾಸ್ತರು.

"ಹಾಗಾದ್ರೆ ಶುರು ಮಾಡಿ. ಕಿವಿ ಹತ್ರ ಸ್ವಲ್ಪ ಹುಷಾರು, ಕೈ ನಡುಗ್ತಿದೆ ನಿಮ್ಮದು."